ಹದಿನೆಂಟರ ಮುಂದೆ ಎಣಿಸದ ಮೈಕಪ್ಪ

ನನಗೆ ಮರೆವು ಶುರುವಾಗಿದೆ ಎಂದು ಗುಂಪಿನಲ್ಲಿ ಪಿಸುಗುಟ್ಟುವವರು ಮೊದಲು ಫೋನು ಕೆಳಗಿಟ್ಟು ಮುಖ ತೊಳೆದುಕೊಂಡು ಬನ್ನಿ. ಕಳೆದ ಸಲ ಇದೇ ಕಥೆ ಹೇಳುವಾಗ ಬಸ್ಸು ಹಸಿರು ಎಂದಿದ್ದೆನಂತೆ, ಅದರ ಹಿಂದಿನ ಸಲ ನೀಲಿ ಎಂದಿದ್ದೆನಂತೆ. ಒಬ್ಬ ಪುಣ್ಯಾತ್ಮ ತಾರೀಖಿನ ಸಮೇತ ಬರೆದು ಹಾಕಿದ್ದಾನೆ. ಬಸ್ಸಿಗೆ ಮತ್ತೆ ಬಣ್ಣ ಬಳಿಯುವುದೇ ಇಲ್ಲವೇನಯ್ಯಾ? ನಿನ್ನೆ ಮಧ್ಯಾಹ್ನ ಏನು ಉಂಡೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಮೈಕಪ್ಪನ ಗಂಟಲಿನ ವಿಚಾರದಲ್ಲಿ ಒಂದು ಕೆಮ್ಮನ್ನೂ ನಾನು ಮರೆತಿಲ್ಲ. ಸುಮ್ಮನೆ ಕೇಳಿ.

ಮೈಕಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಊರಿನವರು ಅಂಟಿಸಿದ್ದು. ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ ಎಂದು ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಹೇಳುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದ ಸರ್ವೀಸು. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಗಾಜಿನ ಗೂಡು. ಅದರೊಳಗೆ ಒಂದು ಮೇಜು, ತಲೆ ಅಲ್ಲಾಡಿಸುವುದನ್ನು ಮರೆತ ಒಂದು ಫ್ಯಾನು, ಮೂಲೆ ಮಡಚಿಹೋದ ವೇಳಾಪಟ್ಟಿಯ ಪುಸ್ತಕ, ಕರವಸ್ತ್ರ ಸುತ್ತಿದ ಮೈಕು. ಕರವಸ್ತ್ರ ದಿನಾ ಬದಲಾಗುತ್ತಿತ್ತು. ಮೈಕು ಇಪ್ಪತ್ತೆರಡು ವರ್ಷದಿಂದ ಅದೇ.

ತಾನು ಬಾಯಿ ಬಿಡದಿದ್ದರೆ ಬಸ್ಸುಗಳು ಹೊರಡುವುದನ್ನೇ ಮರೆತುಬಿಡುತ್ತವೆ ಎಂದು ಅವನು ಗಟ್ಟಿಯಾಗಿ ನಂಬಿದ್ದ. ಮನೆಯಲ್ಲೂ ಅದೇ ಧಾಟಿ. ಬಚ್ಚಲಮನೆಯಿಂದ, ಪ್ರಯಾಣಿಕರ ಗಮನಕ್ಕೆ ಎಂಬ ರಾಗದಲ್ಲಿ, ಟವೆಲು ಇನ್ನೂ ಬಂದಿಲ್ಲವೆಂದು ಘೋಷಿಸುತ್ತಿದ್ದ. ಹೆಂಡತಿಯೂ ಸಾಮಾನ್ಯದವಳಲ್ಲ, ಟವೆಲು ಇಪ್ಪತ್ತು ನಿಮಿಷ ತಡವಾಗಿ ಬರಲಿದೆ, ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಳು.

ಇಂಥವನ ಗಂಟಲು ಒಂದು ಸೋಮವಾರ ಬೆಳಿಗ್ಗೆ ಕೈಕೊಟ್ಟಿತು. ಒಂದೆರಡು ತಿಂಗಳಿಂದ ಕರಕರ ಎನ್ನುತ್ತಲೇ ಇತ್ತು, ಅವತ್ತು ಪೂರ್ತಿ ಹೋಯಿತು. ಏಳನೇ ಪ್ಲಾಟ್‌ಫಾರಮ್ಮಿನ ಬಸ್ಸನ್ನು ಹೇಳಲು ಹೋದರೆ, ಸಿಮೆಂಟು ನೆಲದ ಮೇಲೆ ಕಬ್ಬಿಣದ ಮಂಚ ಎಳೆದ ಹಾಗೆ ಒಂದು ಸದ್ದು ಬಂತು. ನಡುವೆ ಒಂದೆರಡು ಅಕ್ಷರ ಗಾಳಿಯಾಗಿ ಹೋದವು. ಕೆಳಗಿದ್ದ ಜನ ಮೊದಲು ನಕ್ಕರು. ಆಮೇಲೆ ಏಳರ ಜನ ಹನ್ನೊಂದಕ್ಕೂ ಹನ್ನೊಂದರ ಜನ ಏಳಕ್ಕೂ ಓಡಿದರು. ಸಾಯಂಕಾಲದೊಳಗೆ ನಾಲ್ಕು ದೂರು ಬಂದಿದ್ದವು.

ಡಿಪೋ ಮ್ಯಾನೇಜರು ಕರೆಸಿದರು. ಅವರು ಯಾರನ್ನೂ ನಂಬಿದವರಲ್ಲ. ಗೋಡೆ ಗಡಿಯಾರ ನೋಡಿದ ಮೇಲೆ ಕೈಗಡಿಯಾರ ನೋಡುತ್ತಿದ್ದರು, ಆಮೇಲೆ ಹೆಡ್ ಗುಮಾಸ್ತರ ಕೈ ಹಿಡಿದು ಅವರದ್ದನ್ನೂ ನೋಡುತ್ತಿದ್ದರು. ಮೈಕಪ್ಪ ನಾಟಕ ಆಡುತ್ತಿದ್ದಾನೆ, ರಜಾ ಬೇಕಾಗಿದೆ ಎಂದು ಅವರಿಗೆ ಅನುಮಾನ. ದೊಡ್ಡಾಸ್ಪತ್ರೆಯಲ್ಲಿ ಧ್ವನಿ ಪರೀಕ್ಷೆಯ ವಿಭಾಗ ಇದೆ, ಹದಿನೈದು ದಿನದೊಳಗೆ ಅಲ್ಲಿಂದ ಸರ್ಟಿಫಿಕೇಟು ತರಬೇಕು ಎಂದರು. ತರದಿದ್ದರೆ? ಕಳೆದುಹೋದ ಸಾಮಾನಿನ ಕೋಣೆಯವನು ತಿಂಗಳ ಕೊನೆಗೆ ನಿವೃತ್ತಿಯಾಗುತ್ತಾನೆ, ಆ ಕುರ್ಚಿ ಖಾಲಿಯಾಗುತ್ತದೆ.

ಆ ಕೋಣೆ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಮೆಟ್ಟಿಲ ಕೆಳಗಿನ ಕೋಣೆ. ಅಂಗೈಯಗಲದ ಕಿಟಕಿ, ಮುನ್ನೂರು ಛತ್ರಿ, ಒಂಟಿ ಚಪ್ಪಲಿಗಳ ಒಂದು ಗುಡ್ಡೆ. ಅಲ್ಲಿ ಕೂತವನ ಜೊತೆ ಮಾತಾಡಲು ಯಾರೂ ಬರುವುದಿಲ್ಲ. ಕಳೆದುಕೊಂಡವರು ಕೂಡ ಬರುವುದಿಲ್ಲ. ಮೈಕಪ್ಪ ಅವತ್ತು ಮನೆಗೆ ಹೋಗುವಾಗ ಮಳೆ ಹನಿಯುತ್ತಿತ್ತು, ಆದರೂ ಛತ್ರಿ ಬಿಚ್ಚಲು ಅವನಿಗೆ ಮನಸ್ಸಾಗಲಿಲ್ಲ.

ದಾರಿಯಲ್ಲಿ ಬಾಮೈದನ ಅಂಗಡಿ. ಹೆಂಡತಿಯ ತಮ್ಮ, ಲೌಡ್‌ಸ್ಪೀಕರು ರಿಪೇರಿ ಮಾಡುವವನು, ನಿಲ್ದಾಣದ ಸ್ಪೀಕರುಗಳನ್ನು ನೋಡಿಕೊಳ್ಳುವವನೂ ಅವನೇ. ಸುಳ್ಳು ಹೇಳುವ ಮನುಷ್ಯನಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳುವವನು, ಅಷ್ಟೇ. ಅಂಗಡಿಯಲ್ಲಿ ಹಾಡು ಹಾಕಿಕೊಂಡು ಕೂತಿದ್ದವನು ಭಾವನ ಕಥೆ ಕೇಳಿ ಹಾಡು ಸಣ್ಣಗೆ ಮಾಡಿದ.

"ಭಾವ, ಮ್ಯಾನೇಜರ ಬೀರು ಮೇಲೆ ಒಂದು ಪೆಟ್ಟಿಗೆ ಇದೆ, ನೋಡಿದೀರಾ?"

ಮೈಕಪ್ಪ ನೋಡಿದ್ದ. ಕಂದು ಬಣ್ಣದ ರಟ್ಟಿನ ಪೆಟ್ಟಿಗೆ, ಟೇಪು ಬಿಚ್ಚಿಲ್ಲ, ಮೇಲೆ ಒಂದು ಬೆರಳು ಧೂಳು.

"ಅದು ಮಾತಾಡೋ ಮಷೀನು. ಎಲ್ಲಾ ಕಡೆ ಬಂದಿದೆ. ಒಬ್ಬನ ಧ್ವನೀನ ಒಂದ್ಸಲ ತುಂಬಿಸಿಬಿಟ್ರೆ ಸಾಕು, ಆಮೇಲೆ ಆ ಮನುಷ್ಯ ಬೇಕಾಗೇ ಇಲ್ಲ. ಈಗ ನಿಮ್ಮನ್ನ ಯಾಕೆ ಧ್ವನಿ ಪರೀಕ್ಷೆಗೆ ಕಳಿಸ್ತಿದಾರೆ, ನೀವೇ ಯೋಚನೆ ಮಾಡಿ."

ಯೋಚನೆ ಮಾಡುವುದು ಮೈಕಪ್ಪನಿಗೆ ಒಗ್ಗುತ್ತಿರಲಿಲ್ಲ. ಆದರೂ ಮಾಡಿದ.

ಬುಧವಾರ ಆಸ್ಪತ್ರೆಗೆ ಹೋದವನಿಗೆ ಮೊದಲ ಅನುಮಾನ ಬಾಗಿಲು ನೋಡಿಯೇ ಬಂತು. ಒಂದು ಗೇಣು ದಪ್ಪದ ಬಾಗಿಲು. ಒಳಗೆ ಗೋಡೆಗೆಲ್ಲ ಸ್ಪಂಜು. ಕೈತಟ್ಟಿದರೂ ಸದ್ದು ಅಲ್ಲೇ ಸಾಯುವಂಥ ಕೋಣೆ. ಗಂಟಲು ನೋಡಲು ಇದೆಲ್ಲ ಯಾಕೆ? ಮೇಜಿನ ಮೇಲೆ ಒಂದು ಮೈಕು, ಅವನ ಮೈಕಿಗಿಂತ ನಾಲ್ಕು ಪಾಲು ಒಳ್ಳೆಯದು. ಪರೀಕ್ಷೆ ಮಾಡುವ ಮೇಡಂ ನಲವತ್ತರ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೇಳುವವರು. ಕಣ್ಣು ಮುಚ್ಚಿ ಕೇಳುವವರನ್ನು ಮೈಕಪ್ಪ ಹಿಂದೆ ಕಂಡಿರಲಿಲ್ಲ. ಅದೂ ಅವನಿಗೆ ಸರಿ ಕಾಣಲಿಲ್ಲ.

ಉಸಿರು ತುಂಬಿಕೊಂಡು 'ಆ' ಎಂದು ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ಎಳೆಯಿರಿ ಎಂದರು. ಕೈಯಲ್ಲಿ ಸ್ಟಾಪ್‌ವಾಚು. ಏಳು ಸೆಕೆಂಡಿಗೆ ಉಸಿರು ಸೋರಿಹೋಯಿತು. ಇದರ ಎರಡರಷ್ಟು ಬರಬೇಕಿತ್ತು ಎಂದು ಬರೆದುಕೊಂಡರು. ಕೆಳಗಿನ ಸ್ವರದಿಂದ ಮೇಲಕ್ಕೆ ಏರಿಸಿ ಎಂದರು; ನಡುದಾರಿಯಲ್ಲಿ ಧ್ವನಿ ಕಾಲು ಜಾರಿ ಬಿತ್ತು. ಎದುರಿಗಿದ್ದ ಕಾಗದದಲ್ಲಿ ಒರಟು ಎಷ್ಟು, ಗಾಳಿ ಎಷ್ಟು, ಬಿಗಿತ ಎಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿದರು. ಅಲ್ಲಿಯವರೆಗೆ ಮೈಕಪ್ಪ ತಾಳಿಕೊಂಡ. ಆಮೇಲೆ ವಾರದ ಏಳು ದಿನ ಹೇಳಿಸಿದರು. ಹೇಳಿದ. ಒಂದರಿಂದ ಎಣಿಸಿ, ನಾನು ನಿಲ್ಲಿಸಿ ಅನ್ನುವವರೆಗೆ ಎಣಿಸಿ ಎಂದರು.

ಎಣಿಸುತ್ತಾ ಹನ್ನೆರಡು ದಾಟಿದಾಗ ಅವನಿಗೆ ಬಾಮೈದ ಹೇಳಿದ ಮಷೀನು ನೆನಪಾಯಿತು. ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಹನ್ನೆರಡು. ಬಸ್ಸುಗಳ ನಂಬರು ಮೂವತ್ತೆರಡರವರೆಗೆ. ವಾರದ ದಿನಗಳನ್ನು ಆಗಲೇ ಕೊಟ್ಟಾಗಿದೆ. ಇನ್ನು ಮಷೀನಿಗೆ ಬೇಕಾದದ್ದು ಏನು ಉಳಿಯಿತು? ಹದಿನೆಂಟಕ್ಕೆ ಬಾಯಿ ಮುಚ್ಚಿದ.

"ಮುಂದೆ ಹೇಳಿ," ಎಂದರು ಮೇಡಂ, ಕಣ್ಣು ಮುಚ್ಚಿಕೊಂಡೇ.

"ಮುಂದೆ ಬರಲ್ಲ ಮೇಡಂ."

ಮೇಡಂ ಕಣ್ಣು ತೆರೆದರು. "ಇಪ್ಪತ್ತೆರಡು ವರ್ಷ ಸರ್ವೀಸು ಅಂತ ಈಗ ತಾನೇ ಹೇಳಿದ್ರಿ."

"ಅದು ಬಾಯಿಪಾಠ. ಲೆಕ್ಕ ಬರಲ್ಲ."

ಮೂಗಿನಿಂದ ತೆಳ್ಳಗಿನ ನಳಿಗೆ ಬಿಟ್ಟು, ತುದಿಯ ಕ್ಯಾಮೆರಾದಲ್ಲಿ ಗಂಟಲು ನೋಡುತ್ತೇವೆ ಎಂದಾಗ ಅವನು ಕುರ್ಚಿಯಿಂದಲೇ ಎದ್ದ. ಧ್ವನಿ ತೆಗೆದುಕೊಂಡಿದ್ದು ಸಾಲದು ಎಂದು ಅಚ್ಚನ್ನೂ ತೆಗೆದುಕೊಳ್ಳುತ್ತಾರಲ್ಲ ಎಂದುಕೊಂಡು, ಮೂಗಿನಲ್ಲಿ ಹುಣ್ಣಾಗಿದೆ ಎಂದು ಒಂದು ಸುಳ್ಳು ಬಿಟ್ಟ. ಹಾಗಾದರೆ ನಾಲ್ಕು ದಿನ ಒಂದು ಮಾತೂ ಆಡಬೇಡಿ, ಪಿಸುಗುಟ್ಟಲೂ ಬೇಡಿ, ಸೋಮವಾರ ಬನ್ನಿ ಎಂದು ಕಳಿಸಿದರು. ಜೊತೆಗೆ ತುಂಬಲು ಒಂದು ಪ್ರಶ್ನೆಪತ್ರ.

ಮನೆಯಲ್ಲಿ ಆ ಪ್ರಶ್ನೆಪತ್ರವನ್ನು ಹೆಂಡತಿ ತುಂಬಿದಳು. ಮಾತಾಡುವಾಗ ಎದುರಿನವರು ಬೇಸರಪಡುತ್ತಾರೆಯೇ? ಯಾವಾಗಲೂ. ಮನೆಯಲ್ಲಿ ಕೂಗಿ ಮಾತಾಡುತ್ತಾರೆಯೇ? ಯಾವಾಗಲೂ, ಎರಡು ವರ್ಷದಿಂದ ಇನ್ನೂ ಜಾಸ್ತಿ. ಅವಳು ಪೆನ್ನು ಎತ್ತದೆ ಬರೆಯುವುದನ್ನು ನೋಡಿ ಮೈಕಪ್ಪನಿಗೆ ಇವಳೂ ಮ್ಯಾನೇಜರ ಕಡೆಯೋ ಎಂಬ ಅನುಮಾನ ಬಂತು. ಅವಳಿಗೋ ಬೇರೆಯದೇ ಅನುಮಾನ. ಟವೆಲಿಗೂ ಘೋಷಣೆ ಮಾಡುವ ಗಂಡ ಮೂರು ದಿನ ತುಟಿ ಹೊಲಿದುಕೊಂಡಿದ್ದಾನೆ ಎಂದರೆ, ಬಾಯಿ ಬಿಟ್ಟರೆ ಹೊರಗೆ ಬರುವಂಥದ್ದು ಏನನ್ನೋ ಒಳಗೆ ಇಟ್ಟುಕೊಂಡಿದ್ದಾನೆ.

ಇಟ್ಟುಕೊಂಡಿದ್ದು ನಿಜ, ಉಪಾಯ ಇಟ್ಟುಕೊಂಡಿದ್ದ. ತನ್ನ ಧ್ವನಿ ಕೊಡದೆ ಪರೀಕ್ಷೆ ಮುಗಿಸಿ ಸರ್ಟಿಫಿಕೇಟು ತರಬೇಕು. ಅದಕ್ಕೆ ಬೇರೆಯವರ ಧ್ವನಿ ಬೇಕು. ಭಾನುವಾರ ಹೆಂಡತಿ ತರಕಾರಿಗೆ ಹೋದಾಗ ಸಾಮಾನು ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸಕ್ಕೆ ನಿಂತ. ಮೌನ ಇರಬೇಕಾದ ಗಂಟಲಿನಲ್ಲಿ ಮೊದಲು ಒಬ್ಬ ಎಂಬತ್ತು ವರ್ಷದ ಮುದುಕ, ಆಮೇಲೆ ಒಬ್ಬಳು ಎಳೆ ಹುಡುಗಿ, ಕೊನೆಗೆ ಭಯಂಕರ ನೆಗಡಿಯಾದ ಒಬ್ಬ ಗಂಡಸು.

ಹೆಂಡತಿ ಬೇಗ ಬಂದಳು. ಬಾಗಿಲ ಹೊರಗೆ ನಿಂತು ಕೇಳಿದಳು. ಕೈಯ ಚೀಲ ಅಲ್ಲೇ ಬಿಟ್ಟು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರನ್ನು ಕರೆತಂದಳು. ಅವರು ಊರುಗೋಲು ಹಿಡಿದು ಬಂದರು. ಅಷ್ಟರಲ್ಲಿ, ಮೈಕಪ್ಪ ನಿಜವಾಗಿಯೂ ಮಾತು ಬಿಟ್ಟಿದ್ದಾನೆಯೇ ನೋಡಿ ಬಾ ಎಂದು ಮ್ಯಾನೇಜರು ಕಳಿಸಿದ್ದ ಹೆಡ್ ಗುಮಾಸ್ತರೂ ಫೈಲು ಕಂಕುಳಲ್ಲಿಟ್ಟುಕೊಂಡು ಬಂದರು. ಮೂವರೂ ಬಾಗಿಲಿಗೆ ಕಿವಿ ಕೊಟ್ಟರು. ಒಳಗೆ ಮುದುಕ ಹೇಳಿದ, ನೆಗಡಿಯವನು ಹೇಳಿದ, ಆಮೇಲೆ ಎಳೆ ಹುಡುಗಿ ವಾರದ ದಿನಗಳನ್ನು ಹೇಳತೊಡಗಿದಳು.

ಹೆಡ್‌ಮಾಸ್ಟರು ಕೋಲಿನಿಂದ ಬಾಗಿಲು ಬಡಿದರು. ಹುಡುಗಿ ಗುರುವಾರಕ್ಕೇ ನಿಂತಳು. ಬಾಗಿಲು ತೆರೆದಾಗ ಮೈಕಪ್ಪ ಒಬ್ಬನೇ, ಹಳೆಯ ಬಕೆಟ್ಟಿನ ಪಕ್ಕದಲ್ಲಿ, ಎದೆಯ ಮೇಲೆ ಒಂದು ಸ್ಲೇಟು ಹಿಡಿದುಕೊಂಡು ನಿಂತಿದ್ದ. ಸ್ಲೇಟಿನ ಮೇಲೆ 'ಮೌನ' ಎಂದು ಬರೆದಿತ್ತು.

"ಮೂರು ಜನ ಇದ್ರು," ಎಂದರು ಹೆಡ್‌ಮಾಸ್ಟರು. "ನಾನೇ ಎಣಿಸಿದೀನಿ."

"ಆ ಹುಡುಗಿ ಎಲ್ರೀ?" ಎಂದಳು ಹೆಂಡತಿ. ಮೈಕಪ್ಪ ಸ್ಲೇಟು ತೋರಿಸಿದ.

ಹೆಡ್ ಗುಮಾಸ್ತರು ಕಿಟಕಿಯ ಹತ್ತಿರ ಹೋಗಿ ಕಂಬಿ ಅಲ್ಲಾಡಿಸಿ ನೋಡಿದರು. ಗಟ್ಟಿಯಾಗಿಯೇ ಇತ್ತು. ಆದರೂ ಫೈಲು ತೆರೆದು, ನೌಕರನ ಮನೆಯಲ್ಲಿ ಮೂವರು ಅಪರಿಚಿತರಿದ್ದರು, ಒಬ್ಬನಿಗೆ ನೆಗಡಿ ಇತ್ತು, ತಪ್ಪಿಸಿಕೊಂಡ ಬಗೆ ತಿಳಿದುಬಂದಿಲ್ಲ ಎಂದು ಬರೆದುಕೊಂಡರು. ಹೆಂಡತಿ ಅವತ್ತಿನಿಂದ ಸಾಮಾನು ಕೋಣೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದಳು.

ಸೋಮವಾರ ಆಸ್ಪತ್ರೆಗೆ ಮುದುಕ ಹೋದ. ಗುರುವಾರ ನೆಗಡಿಯವನು ಹೋದ. ಎಳೆ ಹುಡುಗಿಯನ್ನು ಕರೆದೊಯ್ಯಲು ಮೈಕಪ್ಪನಿಗೆ ಧೈರ್ಯವಾಗಲಿಲ್ಲ. ಎರಡು ಸಲವೂ ಹದಿನೆಂಟಕ್ಕೇ ನಿಂತ. ಎರಡು ಸಲವೂ ಮೂಗಿನ ಹುಣ್ಣು ವಾಸಿಯಾಗಿರಲಿಲ್ಲ. ಗುರುವಾರ ಮೇಡಂ ಮೂರು ದಿನದ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನೋಡಿ, ಹದಿನೈದು ವರ್ಷದಿಂದ ನಾನು ಮಾಡ್ತಿರೋದು ಇದೊಂದೇ ಕೆಲಸ, ಕೇಳೋದು. ಗಂಟಲು ಕೆಟ್ಟವರು ಇಲ್ಲಿ ಬಂದು ಚೆನ್ನಾಗಿರೋ ಹಾಗೆ ನಟಿಸ್ತಾರೆ. ಚೆನ್ನಾಗಿರೋರು ಕೆಟ್ಟಿರೋ ಹಾಗೆ ನಟಿಸ್ತಾರೆ. ಕೆಟ್ಟಿರೋ ಗಂಟಲನ್ನ ವಾರಕ್ಕೆರಡು ಸಲ ಬೇರೆ ಬೇರೆ ಥರ ಕೆಡಿಸ್ಕೊಂಡು ಬಂದೋರು ನೀವೊಬ್ಬರೇ. ಯಾಕೆ ಅಂತ ನಂಗೆ ಗೊತ್ತಿಲ್ಲ. ಹೀಗೇ ಆದ್ರೆ ಪರೀಕ್ಷೆಗೆ ಸಹಕರಿಸಲಿಲ್ಲ ಅಂತ ಬರೆದುಕೊಡ್ತೀನಿ. ಸೋಮವಾರ ಕೊನೇ ಸಲ. ಮನೆಯವರನ್ನ ಕರ್ಕೊಂಡು ಬನ್ನಿ."

ಸೋಮವಾರ ಎಂದರೆ ಹದಿನೈದನೇ ದಿನ. ಮೈಕಪ್ಪನಿಗೆ ಮೂರು ದಿನ ಕಣ್ಣು ಮುಚ್ಚಿದರೆ ಛತ್ರಿಗಳೇ ಕಾಣಿಸಿದವು.

ಅವತ್ತು ಆಸ್ಪತ್ರೆಗೆ ಮೈಕಪ್ಪ ಒಬ್ಬನೇ ಹೋಗಲಿಲ್ಲ, ಒಂದು ದಿಬ್ಬಣವೇ ಹೋಯಿತು. ಹುಡುಗಿ ಸಿಕ್ಕಾಳೇನೋ ಎಂದು ಹೆಂಡತಿ, ಮ್ಯಾನೇಜರ ಕಡೆಯಿಂದ ಸಾಕ್ಷಿಗೆ ಹೆಡ್ ಗುಮಾಸ್ತರು, ಮಷೀನಿನ ವಿದ್ಯೆ ಬಲ್ಲವನೆಂದು ಬಾಮೈದ. ಮೂವರನ್ನೂ ಕೋಣೆಯ ಗಾಜಿನ ಕಿಟಕಿಯ ಆಚೆ, ಒಳಗಿನ ಮಾತು ಕೇಳುವ ಸ್ಪೀಕರಿನ ಪಕ್ಕ ಕೂರಿಸಿದರು. ಮೈಕಪ್ಪನ ಕಿವಿಗೆ ಒಂದು ದೊಡ್ಡ ಹೆಡ್‌ಫೋನು ಹಾಕಿ ಕೈಗೆ ಒಂದು ಹಾಳೆ ಕೊಟ್ಟರು. ಯಾವುದೋ ಕೆರೆ, ಬಾತುಕೋಳಿ, ಒಬ್ಬ ಅಜ್ಜ ಇರುವ ಸಾದಾ ಪಾಠ. ನಿಮಗೆ ಬೇಕಾದ ಧ್ವನಿಯಲ್ಲಿ ಓದಿ, ಆದರೆ ಏನೇ ಆದರೂ ಓದು ನಿಲ್ಲಿಸಬೇಡಿ ಎಂದರು ಮೇಡಂ.

ಮುದುಕನ ಧ್ವನಿಯಲ್ಲಿ ಓದತೊಡಗಿದ. ಎರಡನೇ ಸಾಲಿಗೆ ಹೆಡ್‌ಫೋನಿನಲ್ಲಿ ಸಣ್ಣಗೆ ಒಂದು ಗದ್ದಲ ಶುರುವಾಯಿತು. ಮೇಡಂ ಒಂದು ಗುಂಡಿ ತಿರುಗಿಸುತ್ತಿದ್ದರು. ಗದ್ದಲ ಏರಿತು. ಮುದುಕನಿಗೆ ಐವತ್ತು ವರ್ಷವಾಯಿತು. ಇನ್ನೂ ಏರಿತು. ಮೈಕಪ್ಪನಿಗೆ ತನ್ನ ಧ್ವನಿಯೇ ಕೇಳದಾಯಿತು. ಸುತ್ತ ನಲವತ್ತು ಬಸ್ಸುಗಳು ಒಟ್ಟಿಗೆ ಇಂಜಿನು ಹಾಕಿಕೊಂಡು ನಿಂತ ಹಾಗೆ. ಅವನ ಬೆನ್ನು ನೆಟ್ಟಗಾಯಿತು. ಎಡಗೈ ತಾನಾಗಿ ಜೇಬಿಗೆ ಹೋಗಿ ಕರವಸ್ತ್ರ ತೆಗೆದು ಮೇಡಂ ಅವರ ಮೈಕಿಗೆ ಸುತ್ತಿತು. ಬಾತುಕೋಳಿ, ಅಜ್ಜ ಎಲ್ಲ ಕೆರೆಗೆ ಬಿದ್ದರು.

"ಪ್ರಯಾಣಿಕರ ಗಮನಕ್ಕೆ. ಬಸ್ಸು ಸಂಖ್ಯೆ ಹತ್ತೊಂಬತ್ತು, ನಾಲ್ಕನೇ ಪ್ಲಾಟ್‌ಫಾರಮ್ಮಿಗೆ ಬರುತ್ತಿದೆ. ಸಂಖ್ಯೆ ಇಪ್ಪತ್ತಾರು, ಒಂಬತ್ತನೇ ಪ್ಲಾಟ್‌ಫಾರಂ. ಸಂಖ್ಯೆ ಮೂವತ್ತೊಂದು ತಡವಾಗಿದೆ..."

ಕತ್ತಿನ ನರಗಳು ಹಗ್ಗವಾಗಿದ್ದವು. ಒಡೆದ, ಬಿರಿದ, ಗಾಳಿ ಸೋರುವ ಧ್ವನಿ. ಆದರೆ ಅವನದೇ, ಅಪ್ಪಟ. ಒಂದು ಗೇಣು ಬಾಗಿಲನ್ನೂ ದಾಟಿ ಹೊರಗೆ ಹೋಯಿತು. ಹೊರಗಿನ ಸಾಲಿನಲ್ಲಿ ಕೂತಿದ್ದ ರೋಗಿಗಳಲ್ಲಿ ನಾಲ್ಕು ಜನ ಚೀಲ ಎತ್ತಿಕೊಂಡು ಎದ್ದು ನಿಂತರಂತೆ. ಒಬ್ಬ ಮುದುಕಿ ನಾಲ್ಕನೇ ನಂಬರು ಯಾವ ಕಡೆ ಎಂದು ನರ್ಸನ್ನು ಕೇಳಿದಳಂತೆ.

ಮೇಡಂ ಗುಂಡಿ ಇಳಿಸಿದರು. ಸಿಕ್ಕಿಬಿದ್ದೆ, ಎಲ್ಲವನ್ನೂ ಕೊಟ್ಟುಬಿಟ್ಟೆ, ಮೂವತ್ತೊಂದರವರೆಗೂ ಕೊಟ್ಟುಬಿಟ್ಟೆ ಎಂದು ಅವನು ತಲೆಗೆ ಕೈ ಹೊತ್ತು ಕೂತ. ಕೂತಲ್ಲಿಯೇ ಮಷೀನು, ಪೆಟ್ಟಿಗೆ, ಛತ್ರಿ ಕೋಣೆ, ಅಭ್ಯಾಸ ಮಾಡಿದ ಮೂರು ಧ್ವನಿ ಎಲ್ಲವನ್ನೂ ಒದರಿದ. ಮೇಡಂ ಪೂರ್ತಿ ಕೇಳಿದರು, ಕಣ್ಣು ಮುಚ್ಚಿಕೊಂಡು.

"ಇಲ್ಲಿ ತೆಗೆದ ಧ್ವನಿ ನಿಮ್ಮ ಫೈಲಲ್ಲೇ ಇರುತ್ತೆ, ಇನ್ನೊಬ್ಬರಿಗೆ ಕೊಡಲ್ಲ," ಎಂದರು. "ಅದೂ ಅಲ್ದೆ, ಈ ಧ್ವನಿ ಹಾಕಿ ಮಷೀನು ಮಾಡಿದ್ರೆ ಆ ಮಷೀನೂ ನನ್ನ ಹತ್ರಾನೇ ಬರಬೇಕಾಗುತ್ತೆ. ಅದಿರ್ಲಿ. ನೀವು ಗೂಡಲ್ಲಿ ಕೂತು ಮಾತಾಡುವಾಗ ನಿಮ್ಮ ಧ್ವನಿ ನಿಮಗೆ ಎಲ್ಲಿಂದ ಕೇಳುತ್ತೆ?"

"ಎಲ್ಲಿಂದಲೂ ಇಲ್ಲ. ಸ್ಪೀಕರೆಲ್ಲ ಹೊರಗಡೆಗೆ ಮುಖ ಮಾಡಿವೆ. ಮುಂಚೆ ಗೂಡೊಳಗೆ ಒಂದು ಸಣ್ಣ ಸ್ಪೀಕರು ಇತ್ತು."

"ಏನಾಯ್ತು ಅದು?"

"ರಿಪೇರಿಗೆ ಹೋಗಿದೆ. ಎರಡು ವರ್ಷ ಆಯ್ತು."

ಗಾಜಿನ ಆಚೆ ಹೆಂಡತಿಯ ತಲೆ ನಿಧಾನವಾಗಿ ತಮ್ಮನ ಕಡೆ ತಿರುಗಿತು. ಹೆಡ್ ಗುಮಾಸ್ತರ ತಲೆಯೂ ತಿರುಗಿತು. ಬಾಮೈದ ಗೋಡೆಯ ಸ್ಪಂಜನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ಮೂಗಿನ ಹುಣ್ಣು ಆ ಕ್ಷಣದಲ್ಲೇ ವಾಸಿಯಾಯಿತು. ನಳಿಗೆ ಬಿಟ್ಟು ಪರದೆಯ ಮೇಲೆ ತೋರಿಸಿದರು. ಬಾಗಿಲಿನ ಎರಡು ಕದಗಳ ಹಾಗೆ ತೆರೆದು ಮುಚ್ಚುವ ಎರಡು ಬಿಳಿ ಅಂಚು, ಎರಡರ ಮೇಲೂ ಎದುರುಬದುರಾಗಿ ಅಕ್ಕಿ ನುಚ್ಚಿನಷ್ಟು ಗಂಟು. ನಳಿಗೆ ತೆಗೆದ ಮೇಲೆ ಇದು ತನ್ನದೇ ಗಂಟಲು ಎಂದು ಹೇಗೆ ನಂಬುವುದು ಎಂದು ಮೈಕಪ್ಪ ಕೇಳಿದ. ಹೆಂಡತಿ ಗಾಜಿನ ಆಚೆಯಿಂದಲೇ ಬಾಯಿ ಮುಚ್ಚು ಎಂದು ಸನ್ನೆ ಮಾಡಿದಳು. ತನಗೆ ತಾನು ಕೇಳಿಸದ ಮನುಷ್ಯ ಗೊತ್ತಿಲ್ಲದೆಯೇ ಕೂಗುತ್ತಾನೆ, ಎರಡು ವರ್ಷ ಕೂಗಿ ಕೂಗಿ ಆದ ಗಂಟು ಇದು, ಕೊಯ್ಯುವುದು ಬೇಡ ಎಂದರು ಮೇಡಂ. ಆರು ವಾರ ಮೈಕಿನ ಹತ್ತಿರ ಹೋಗಬಾರದು, ವಾರಕ್ಕೆರಡು ಸಲ ಬಂದು ಮೆಲ್ಲಗೆ ಮಾತಾಡುವುದನ್ನು ಕಲಿಯಬೇಕು, ಗಂಟಲು ಕೆರೆಯಬಾರದು, ಮುದುಕ ಹುಡುಗಿ ಯಾರೂ ಗಂಟಲಿಗೆ ಇಳಿಯಬಾರದು. ಹುಡುಗಿ ಎಂದದ್ದೇ ಹೆಂಡತಿ ಎದ್ದು ನಿಂತಳು. ಮೈಕಪ್ಪ 'ಸೋಮವಾರ' ಎಂಬ ನಾಲ್ಕೇ ಅಕ್ಷರದಲ್ಲಿ ಆ ಹುಡುಗಿಯ ಧ್ವನಿ ತೆಗೆದು ತೋರಿಸಬೇಕಾಯಿತು. ಅದೇ ಕೊನೆ. ಆಮೇಲೆ ಮೇಡಂ ಬರೆದುಕೊಟ್ಟರು: ಆರು ವಾರದ ನಂತರ ಕೆಲಸಕ್ಕೆ ಯೋಗ್ಯ, ತನ್ನ ಧ್ವನಿ ತನಗೆ ಕೇಳುವ ಏರ್ಪಾಡು ಇದ್ದರೆ ಮಾತ್ರ.

ಆ ಕಾಗದವನ್ನು ಮ್ಯಾನೇಜರು ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಏರ್ಪಾಡು ಎಲ್ಲಿಂದ ತರುವುದು ಎಂದರು. ಮಾತಾಡುವ ಮಷೀನಾದರೆ ಅದರೊಳಗೂ ಒಂದು ಸ್ಪೀಕರು ಇರಲೇಬೇಕಲ್ಲ ಎಂದುಕೊಂಡು ಮೈಕಪ್ಪ ಸ್ಲೇಟಿನಲ್ಲಿ 'ಪೆಟ್ಟಿಗೆ' ಎಂದು ಬರೆದು ಬೀರುವಿನ ಮೇಲೆ ಬೆರಳು ತೋರಿಸಿದ. ಅದು ಬಂದು ಎರಡು ವರ್ಷವಾಗಿತ್ತು. ಬಿಚ್ಚಿದವರೇ ಸಹಿ ಹಾಕಬೇಕಾದೀತೆಂದು ಮ್ಯಾನೇಜರು ಗುಮಾಸ್ತರನ್ನೂ ಗುಮಾಸ್ತರು ಮ್ಯಾನೇಜರನ್ನೂ ಕಾಯುತ್ತಾ ಅಲ್ಲೇ ಬಿಟ್ಟಿದ್ದರು. ಕೊನೆಗೆ ಟೇಪು ಕಿತ್ತದ್ದು, ತಮ್ಮನನ್ನೂ ಎಳೆದುಕೊಂಡು ಜೊತೆಗೆ ಬಂದಿದ್ದ ಮೈಕಪ್ಪನ ಹೆಂಡತಿ.

ಒಳಗೆ ಹೊಸ ಸಣ್ಣ ಸ್ಪೀಕರು. ಜೊತೆಗೆ, ಸಾಮಾನಿನೊಂದಿಗೆ ವಾಪಸು ಬಂದಿದ್ದ, ಬಾಮೈದನದೇ ಅಕ್ಷರದ ಬೇಡಿಕೆಯ ಚೀಟಿ: ಘೋಷಣೆಯ ಗೂಡಿನ ಸ್ಪೀಕರು ರಿಪೇರಿಯಾಗುವ ಸ್ಥಿತಿಯಲ್ಲಿಲ್ಲ, ಹೊಸದು ತರಿಸುವುದು.

"ರಿಪೇರಿ ಆಗಲ್ವಾ?" ಎಂದಳು ಅಕ್ಕ. "ಹಾಗಾದ್ರೆ ನಿನ್ನ ಅಂಗಡೀಲಿ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಹಾಡ್ತಿರೋದು ಯಾವುದೋ?"

"ಅಕ್ಕಾ, ಅದು ಆಮೇಲೆ ತಾನಾಗೇ ಸರಿಹೋಯ್ತು."

ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಆದರೆ ಆರು ವಾರ ಗೂಡಿನಲ್ಲಿ ಕೂತು ಬಸ್ಸುಗಳನ್ನು ಹೇಳಿದವನು ಬಾಮೈದ. ಪಕ್ಕದಲ್ಲಿ ಮೈಕಪ್ಪ ಸ್ಲೇಟು ಹಿಡಿದು ಕೂತು ಪ್ರತಿ ತಪ್ಪಿಗೂ ಅಂಕ ಹಾಕಿದ, ಸೊನ್ನೆಯಿಂದ ಮೂರರವರೆಗೆ.

ಆರು ವಾರ ಕಳೆದು ಮೈಕಪ್ಪ ಮತ್ತೆ ಮೈಕಿನ ಮುಂದೆ ಕೂತ. ಹೊಸ ಸ್ಪೀಕರಿನಲ್ಲಿ ತನ್ನ ಧ್ವನಿ ತನಗೆ ಕೇಳಿಸಿತು. ಕೂಗು ಇಲ್ಲ, ಬಿರುಕು ಇಲ್ಲ. ಎದುರಿಗೆ ಕೂತವರಿಗೆ ಹೇಳುವ ಹಾಗೆ ಮೆತ್ತಗೆ, ಸ್ಪಷ್ಟವಾಗಿ. ಕತ್ತೆತ್ತಿ ಕೆಳಗೆ ನೋಡಿದ. ಜನ ಸ್ಪೀಕರುಗಳನ್ನೇ ದಿಟ್ಟಿಸುತ್ತಿದ್ದರು. ಸಾಯಂಕಾಲದೊಳಗೆ ಒಂಬತ್ತು ದೂರು. ಎಲ್ಲದರಲ್ಲೂ ಒಂದೇ ಮಾತು: ನಮ್ಮ ಮೈಕಪ್ಪನನ್ನು ತೆಗೆದುಹಾಕಿ ಗುಟ್ಟಾಗಿ ಮಷೀನು ಇಟ್ಟಿದ್ದೀರಿ. ಮನುಷ್ಯನಿದ್ದಾನೆ ಎಂದು ಮ್ಯಾನೇಜರು ನೋಟೀಸು ಅಂಟಿಸಿದರು. ನೋಟೀಸು ಅಂಟಿಸಿದ್ದಾರೆ ಎಂದರೆ ಖಂಡಿತ ಮಷೀನೇ ಎಂದರು ಜನ.

ಕೆಮ್ಮಿ ತೋರಿಸೋಣವೆಂದರೆ ಮೇಡಂ ಗಂಟಲು ಕೆರೆಯಬೇಡಿ ಎಂದಿದ್ದಾರೆ. ಮರುದಿನ ಮೈಕಪ್ಪ ಗಾಜಿನ ಆಚೆ ನೋಡುತ್ತಾ ಕೂತಿದ್ದ. ಎಂಟನೇ ಪ್ಲಾಟ್‌ಫಾರಮ್ಮಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಬಸ್ಸಿನ ಕಡೆ ಹೊರಟಳು. ಅವನು ಮೈಕು ಹತ್ತಿರ ಎಳೆದುಕೊಂಡ.

"ಹಸಿರು ಚೀಲದ ಅಮ್ಮ, ಛತ್ರಿ ಬೆಂಚಿನ ಮೇಲೇ ಬಿಟ್ರಿ."

ಹೆಂಗಸು ನಿಂತಳು. ಛತ್ರಿ ತೆಗೆದುಕೊಂಡಳು. ತಲೆಯೆತ್ತಿ ಗೂಡಿನ ಕಡೆ ನೋಡಿ ಕೈಯೆತ್ತಿದಳು. ನಿಲ್ದಾಣಕ್ಕೆ ನಿಲ್ದಾಣವೇ ತಲೆಯೆತ್ತಿ ನೋಡಿತು. ಆ ದಿನದಿಂದ ದೂರು ಬರಲಿಲ್ಲ. ಛತ್ರಿಗಳೂ ಬರಲಿಲ್ಲ. ವರ್ಷ ತಿರುಗುವುದರೊಳಗೆ ಆ ಮೆಟ್ಟಿಲ ಕೆಳಗಿನ ಕೋಣೆಗೆ ಬೀಗ ಬಿತ್ತು. ಹಳೆಯ ಛತ್ರಿಗಳೂ ಒಂಟಿ ಚಪ್ಪಲಿಗಳೂ ಮಾತ್ರ ಒಳಗೇ ಉಳಿದವು.

ಹೆಡ್‌ಮಾಸ್ಟರು ಮಾತ್ರ ಇವತ್ತಿಗೂ ಒಪ್ಪಿಲ್ಲ. ಆ ಭಾನುವಾರ ಒಳಗೆ ಮೂರು ಜನ ಇದ್ದರು, ನಾನೇ ಎಣಿಸಿದ್ದೇನೆ ಎನ್ನುತ್ತಾರೆ. ಇರಲಿ.

ಈಗ ಇದನ್ನು ನಿಮ್ಮಲ್ಲೇ ಇಟ್ಟುಕೊಂಡು ಕೂರಬೇಡಿ. ಟವೆಲಿಗೆ ಕೂಗುವವರು, ಪಾಠ ಮಾಡುವಾಗ ಕೂಗುವವರು, ಫೋನಿನಲ್ಲಿ ಕೂಗುವವರು ನಿಮ್ಮ ಮನೆಯಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರಿಗೆ ಮೊದಲು ದಾಟಿಸಿ. ಬಸ್ಸಿನ ಬಣ್ಣ ಬೇಕಾದರೆ ಬದಲಾಯಿಸಿಕೊಳ್ಳಿ, ನನ್ನದೇನೂ ಅಡ್ಡಿಯಿಲ್ಲ. ಹೇಳುವಾಗ ಮಾತ್ರ ಕೂಗಬೇಡಿ.